ಡಿಗ್ರಿ ಮುಗಿದ ಮೇಲೆ ಯಾರ ಮನೆ ಎಷ್ಟು ದಿನ ಕಾಯುತ್ತದೆ?

ಪದವಿಯ ಕೊನೆಯ ಪರೀಕ್ಷೆ ಮುಗಿದ ಸಂಜೆ ಹಾಸನದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಹಾಸ್ಟೆಲಿನ ಹುಡುಗರು ಹಾಸಿಗೆ ಸುರುಳಿ, ಪ್ಲಾಸ್ಟಿಕ್ ಬಕೆಟ್, ಪುಸ್ತಕ ತುಂಬಿದ ಗೋಣಿಚೀಲ ಹಿಡಿದು ಅರಕಲಗೂಡು, ಹೊಳೆನರಸೀಪುರ, ಅರಸೀಕೆರೆ ಕಡೆಯ ಬಸ್ಸುಗಳಿಗೆ ಕಾಯುತ್ತಿರುತ್ತಾರೆ. ಹಾಸ್ಟೆಲಿನ ಊಟ ಅವತ್ತಿಗೆ ಮುಗಿಯಿತು. ಬಸ್ ಪಾಸಿನ ಅವಧಿ ಇನ್ನು ಕೆಲವೇ ದಿನ. ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಹಿಂತಿರುಗಿಸಿ, ಬಾಕಿ ಇಲ್ಲ ಎಂಬ ಚೀಟಿಗೆ ಸಹಿ ಹಾಕಿಸಿಕೊಂಡಾಗಿದೆ. ಮೂರು ವರ್ಷ ಸರ್ಕಾರ ಅವರನ್ನು ವಿದ್ಯಾರ್ಥಿ ಎಂದು ಕರೆದು ಅನ್ನ, ಸೂರು, ಓಡಾಟದ ಖರ್ಚು ನೋಡಿಕೊಂಡಿತ್ತು. ಮಾರನೆಯ ಬೆಳಗ್ಗೆಯಿಂದ ಅವರು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ.

ಕಾಲೇಜು ಶಿಕ್ಷಣದಿಂದ ಕೆಲಸ ಸಿಗುತ್ತದೆಯೇ, ಬಡವ ಬಲ್ಲಿದರ ಅಂತರ ಕಡಿಮೆಯಾಗುತ್ತದೆಯೇ ಎಂಬ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಆ ಮೂರು ವರ್ಷಗಳ ಬಗ್ಗೆ ಮಾತಾಡುತ್ತೇವೆ. ಪಠ್ಯ ಸರಿಯಿಲ್ಲ, ಇಂಗ್ಲಿಷ್ ಬರುವುದಿಲ್ಲ, ಕೌಶಲ ಇಲ್ಲ ಎನ್ನುತ್ತೇವೆ. ಅವೆಲ್ಲ ನಿಜವೇ. ಆದರೆ ಹಾಸನ, ಚಿಕ್ಕಮಗಳೂರಿನ ಪದವೀಧರರನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಕೊನೆಯ ಪರೀಕ್ಷೆಗೂ ಮೊದಲ ಸರಿಯಾದ ಕೆಲಸಕ್ಕೂ ನಡುವೆ ಇರುವ ಮೂರು, ನಾಲ್ಕು, ಕೆಲವೊಮ್ಮೆ ಎಂಟು ವರ್ಷಗಳಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ಆ ವರ್ಷಗಳನ್ನು ಯಾರ ಮನೆ ತಾಳಿಕೊಳ್ಳುತ್ತದೋ ಅವರಿಗೆ ಡಿಗ್ರಿ ಫಲ ಕೊಡುತ್ತದೆ. ತಾಳಿಕೊಳ್ಳಲಾಗದ ಮನೆಯ ಮಕ್ಕಳಿಗೆ ಅದೇ ಕಾಲೇಜಿನ, ಅದೇ ಅಂಕಗಳ ಡಿಗ್ರಿ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಇದನ್ನು ನಾನು ಮೊದಲು ಕಲಿತದ್ದು ಮನೆಯಲ್ಲಿ. 2004ರಲ್ಲಿ ನಾನು ಬಿ.ಎ. ಮುಗಿಸಿದಾಗ ನಮಗಿದ್ದದ್ದು ಎರಡು ಎಕರೆ ಖುಷ್ಕಿ, ರಾಗಿ ಬೆಳೆಯುವ ಭೂಮಿ. ನನಗೆ ಸರ್ಕಾರಿ ಕೆಲಸ ಸಿಕ್ಕಿದ್ದು 2007ರಲ್ಲಿ. ನಡುವಿನ ಮೂರು ವರ್ಷ ನಾನು ಪರೀಕ್ಷೆ ಬರೆಯುತ್ತಾ ಕೂತೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕುಡಿಕೆಯೂ ಇರಲಿಲ್ಲ. ಪಿಯುಸಿಗೇ ಓದು ಬಿಟ್ಟ ನನ್ನ ಅಕ್ಕ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಪ್ರತಿ ತಿಂಗಳು ಎಂಟು ನೂರು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದಳು. ಅರ್ಜಿ ಶುಲ್ಕ, ಪುಸ್ತಕ, ಮೈಸೂರಿಗೆ ಪರೀಕ್ಷೆ ಬರೆಯಲು ಹೋಗುವ ಬಸ್ ಚಾರ್ಜು ಎಲ್ಲವೂ ಅದರಲ್ಲೇ. ನನ್ನ ಡಿಗ್ರಿಗೆ ಬೆಲೆ ಬಂದದ್ದು ಅವಳ ಹೊಲಿಗೆಯಿಂದ. ನನ್ನ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವನಿಗೆ ಅಂಥ ಅಕ್ಕ ಇರಲಿಲ್ಲ. ಅವನು ಆರನೇ ತಿಂಗಳಿಗೇ ಸಿಮೆಂಟ್ ಅಂಗಡಿಯ ಲೆಕ್ಕ ಬರೆಯಲು ಸೇರಿದ. ಈಗಲೂ ಅಲ್ಲೇ ಇದ್ದಾನೆ.

ಅಂಕಿಅಂಶಗಳು ಹೇಳುವ ಕಥೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಒಂದು ಅಂಕಿ ಎಲ್ಲ ಪತ್ರಿಕೆಗಳಲ್ಲೂ ಬಂತು. 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4 ಇದ್ದರೆ, ಪದವೀಧರ ಯುವಜನರಲ್ಲಿ ಶೇ. 29.1. ಅಂದರೆ ಎಂಟು ಒಂಬತ್ತು ಪಟ್ಟು. ಇದನ್ನು ಓದಿದ ಹಲವರು ಓದಿದರೆ ಕೆಲಸ ಸಿಗುವುದಿಲ್ಲ, ಓದದವನೇ ಮೇಲು ಎಂಬ ತೀರ್ಮಾನಕ್ಕೆ ಬಂದರು. ನಮ್ಮ ಕಡೆ ಮದುವೆ ಮನೆಗಳಲ್ಲಿ ಈ ಮಾತು ಕೇಳುತ್ತಲೇ ಇರುತ್ತದೆ: "ಓದಿಸಿ ಏನ್ ಬಂತಪ್ಪ, ಹೊಲಕ್ಕೂ ಆಗ್ಲಿಲ್ಲ, ಪ್ಯಾಟೆಗೂ ಆಗ್ಲಿಲ್ಲ."

ಆ ತೀರ್ಮಾನ ತಪ್ಪು. ಸರ್ಕಾರಿ ಸಮೀಕ್ಷೆಯ ಲೆಕ್ಕದಲ್ಲಿ ನಿರುದ್ಯೋಗಿ ಎಂದರೆ ಕೆಲಸವಿಲ್ಲದವನು ಮಾತ್ರವಲ್ಲ. ಕೆಲಸವಿಲ್ಲದೆ, ಕೆಲಸ ಹುಡುಕುತ್ತಿರುವವನು. ಅಕ್ಷರ ಬಾರದ ಕೂಲಿಯವನು ನಿರುದ್ಯೋಗಿಯಾಗಿ ಇರುವಂತೆಯೇ ಇಲ್ಲ. ಇವತ್ತು ಶುಂಠಿ ಕೀಳುವ ಕೆಲಸ ಇಲ್ಲದಿದ್ದರೆ ನಾಳೆ ಗಾರೆ ಕೆಲಸಕ್ಕೆ ಹೋಗಲೇಬೇಕು, ಸಂಜೆಗೆ ಅಕ್ಕಿ ಬೇಕು. ಕೈಗೆ ಬಂದದ್ದನ್ನು ಬಿಟ್ಟು ಇನ್ನೂ ಒಳ್ಳೆಯದಕ್ಕೆ ಕಾಯುವುದು ಬೆನ್ನ ಹಿಂದೆ ಏನಾದರೂ ಇದ್ದವರಿಗೆ ಮಾತ್ರ ಸಾಧ್ಯ. ಹಾಗಾಗಿ ಆ ಶೇ. 3.4ರಲ್ಲಿ ನೆಮ್ಮದಿ ಎಲ್ಲಿದೆ? ಅದು ಬಡತನದ ಅಂಕಿ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯಲ್ಲಿ ಇನ್ನೂ ಮುಖ್ಯವಾದ ಸಂಗತಿ ಇದೆ. 25ರೊಳಗಿನ ಪದವೀಧರರಲ್ಲಿ ಶೇ. 42ಕ್ಕೂ ಹೆಚ್ಚು ಮಂದಿ ನಿರುದ್ಯೋಗಿಗಳು. 35 ದಾಟಿದ ಪದವೀಧರರಲ್ಲಿ ಆ ಪ್ರಮಾಣ ಶೇ. 5ಕ್ಕಿಂತ ಕಡಿಮೆ. ಇವು 2021-22ರ ಲೆಕ್ಕಗಳು. ಅಂದರೆ ಕೊನೆಗೆ ಬಹುಪಾಲು ಎಲ್ಲರೂ ಏನೋ ಒಂದು ಕೆಲಸಕ್ಕೆ ಸೇರುತ್ತಾರೆ. ಅದು ಎಂಥ ಕೆಲಸ, ಕಲಿತದ್ದಕ್ಕೂ ಬಯಸಿದ್ದಕ್ಕೂ ತಕ್ಕದ್ದೇ ಎಂಬುದನ್ನು ಆ ಶೇ. 5 ಹೇಳುವುದಿಲ್ಲ. ಸಿಮೆಂಟ್ ಅಂಗಡಿಯ ನನ್ನ ಸಹಪಾಠಿ ಆ ಲೆಕ್ಕದಲ್ಲಿ ಉದ್ಯೋಗಿ, ನಾನೂ ಉದ್ಯೋಗಿ. ನಮ್ಮಿಬ್ಬರ ಸಂಬಳ, ಪಿಂಚಣಿ, ಮಕ್ಕಳು ಓದುವ ಶಾಲೆ, ಆಸ್ಪತ್ರೆ ಖರ್ಚು ಬಂದಾಗ ನಮ್ಮಿಬ್ಬರ ಮನೆಯಲ್ಲಿ ಆಗುವುದು, ಯಾವುದೂ ಒಂದೇ ಅಲ್ಲ.

ಹಾಗಾದರೆ ಡಿಗ್ರಿ ಬೇಡವೇ? ಬೇಕು. ಸರಾಸರಿ ತೆಗೆದರೆ ಪದವೀಧರನ ಗಳಿಕೆ ಪಿಯುಸಿ ಓದಿದವನಿಗಿಂತ ಜಾಸ್ತಿಯೇ. ತಿಂಗಳ ಸಂಬಳ, ಪಿಎಫ್, ರಜೆ ಇರುವ ಕೆಲಸಗಳ ಬಾಗಿಲು ಡಿಗ್ರಿ ಇಲ್ಲದವರಿಗೆ ಬಹುಮಟ್ಟಿಗೆ ಮುಚ್ಚಿಯೇ ಇದೆ. ಆದರೆ ಸರಾಸರಿಯೊಳಗೆ ಬಾಗಿಲು ದಾಟಿದವನೂ ಇದ್ದಾನೆ, ಬಾಗಿಲಲ್ಲೇ ನಿಂತವನೂ ಇದ್ದಾನೆ.

ಎಲ್ಲರ ಕೈಯಲ್ಲೂ ಅದೇ ಕಾಗದ

ಕಾಲೇಜು ಸಿಗದಿರುವುದು ಒಂದು ಕಾಲದ ಸಮಸ್ಯೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಹಾಸನದಲ್ಲಿ ಶುರುವಾದ 1960ರ ಹೊತ್ತಿಗೆ ಒಂದು ಹೋಬಳಿಗೆ ನಾಲ್ಕೈದು ಪದವೀಧರರು ಸಿಕ್ಕರೆ ಹೆಚ್ಚು. ಈಗ ಕರ್ನಾಟಕ ದೇಶದಲ್ಲೇ ಮುಂದಿದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23 ವರ್ಷದ ಪ್ರತಿ ಒಂದು ಲಕ್ಷ ಜನರಿಗೆ ನಮ್ಮಲ್ಲಿ 66 ಕಾಲೇಜುಗಳಿವೆ, ದೇಶದ ಸರಾಸರಿ 30. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಆಗ ಊರೂರಲ್ಲಿ ಸಿಹಿ ಹಂಚಿದ್ದು ನನಗೆ ನೆನಪಿದೆ. ಆ ವರ್ಷ ಪಾಸಾದ ಮಕ್ಕಳು ನೇರವಾಗಿ ಓದಿದ್ದರೆ 2024ರಲ್ಲಿ ಡಿಗ್ರಿ ಮುಗಿಸಿದ್ದಾರೆ. ಹತ್ತನೇ ತರಗತಿಯ ಮೊದಲ ಸ್ಥಾನವನ್ನು ಜಿಲ್ಲೆಯೆಲ್ಲ ಸಂಭ್ರಮಿಸಿತು. ಅದೇ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳುವ ಸಭೆ ಎಲ್ಲೂ ನಡೆದದ್ದನ್ನು ನಾನು ಕಾಣೆ.

ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಒಂದು ವಿಚಾರ ಮುಂದಿಟ್ಟರು, ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಕೆಲಸ ಕೊಡುವವನಿಗೆ ಎದುರಿಗಿರುವ ಹುಡುಗ ಎಷ್ಟು ಸಮರ್ಥ ಎಂದು ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಡಿಗ್ರಿಯನ್ನು ಒಂದು ಗುರುತಾಗಿ ನೋಡುತ್ತಾನೆ. ಈ ವಿಚಾರವನ್ನು ನಮ್ಮ ಊರಿಗೆ ತಂದು ನೋಡಿದರೆ ಹೀಗಾಗುತ್ತದೆ: ಎಲ್ಲರ ಬಳಿಯೂ ಡಿಗ್ರಿ ಇದ್ದಾಗ ಅದು ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ, ಆದರೆ ಅದಿಲ್ಲದವನನ್ನು ಹೊರಗಿಡಲು ಸಾಕು. ಹಾಸನದ ಬಿ.ಎಂ. ರಸ್ತೆಯ ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೂ ಈಗ ಡಿಗ್ರಿ ಆಗಿದೆಯಾ ಎಂದು ಕೇಳುತ್ತಾರೆ. ಕೆಲಸ ಮೊದಲಿನದೇ, ಸಂಬಳವೂ ಅಷ್ಟೇನೂ ಏರಿಲ್ಲ, ಕೇಳುವ ಓದು ಮಾತ್ರ ಏರಿದೆ. ಆಗ ಡಿಗ್ರಿಯ ಮೇಲೆ ಇನ್ನೇನಿದೆ ಎಂಬುದರ ಮೇಲೆ ಆಯ್ಕೆ ನಡೆಯುತ್ತದೆ. ಇಂಗ್ಲಿಷ್ ಮಾತು, ಬೆಂಗಳೂರಿನಲ್ಲಿ ಮಾಡಿದ ಕೋರ್ಸು, ಸಂಬಳವಿಲ್ಲದ ಇಂಟರ್ನ್‌ಶಿಪ್, ಪರಿಚಯದವರ ಒಂದು ಫೋನ್. ಇವೆಲ್ಲ ಮನೆಯಿಂದ ಬರುವಂಥವು, ಕಾಲೇಜಿನಿಂದ ಅಲ್ಲ.

ಎಂಜಿನಿಯರಿಂಗ್ ಓದಿದವರ ಪಾಡು ಬೇರೆಯೇ ಒಂದು ಲೇಖನ ಬೇಡುತ್ತದೆ. ಇಲ್ಲಿ ಒಂದೇ ಮಾತು. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಷ್ಟರಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಶೈಕ್ಷಣಿಕ ಸಾಲದ ಕಂತು ಎಲ್ಲ ಏರಿದೆ.

ತೋಟದಲ್ಲಿ ಆಳಿಲ್ಲ, ಮನೆಯಲ್ಲಿ ಪದವೀಧರ

ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆ ತೋಟದ ಮಾಲೀಕರ ಜೊತೆ ಮಾತಿಗೆ ಕೂತರೆ ಮೊದಲು ಬರುವುದೇ ಆಳುಗಳ ಕೊರತೆ. ಕಾಫಿ ಕೊಯ್ಲಿನ ಕಾಲಕ್ಕೆ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಕುಟುಂಬಗಳು ಬಂದು ಲೈನ್ ಮನೆಗಳಲ್ಲಿ ಇರುತ್ತವೆ. ಅದೇ ಊರಿನ ಬಿ.ಎ., ಬಿ.ಕಾಂ. ಆದ ಹುಡುಗ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ಈ ಎರಡನ್ನೂ ಒಟ್ಟಿಗೆ ನೋಡಿದವರು ಓದಿದ ಹುಡುಗರಿಗೆ ಮೈ ಬಗ್ಗುವುದಿಲ್ಲ ಎನ್ನುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಆ ಹುಡುಗನ ಅಪ್ಪ ಅಮ್ಮ ಮೂವತ್ತು ವರ್ಷ ಅದೇ ತೋಟದಲ್ಲಿ ಹಣ್ಣು ಕೊಯ್ದಿದ್ದಾರೆ. ಆಳಾಗಿ ಸೇರಿದವರು ಆಳಾಗಿಯೇ ಉಳಿದಿದ್ದಾರೆ. ಹೆಚ್ಚೆಂದರೆ ಒಬ್ಬ ಮೇಸ್ತ್ರಿ ಆಗುತ್ತಾನೆ. ಲೆಕ್ಕ ಬರೆಯುವ ರೈಟರ್ ಕೆಲಸ ಇಡೀ ತೋಟಕ್ಕೆ ಒಂದೋ ಎರಡೋ. ಅದರಿಂದಾಚೆಗೆ ಏಣಿಯೇ ಇಲ್ಲ. ತಮ್ಮ ಬದುಕು ಮಗನಿಗೆ ಬರಬಾರದು ಎಂದೇ ಅವರು ಅವನನ್ನು ಓದಿಸಿದ್ದು. ಓದಿಸಿ ಮತ್ತೆ ಅದೇ ಗಿಡದ ಬುಡಕ್ಕೆ ಹೋಗು ಎಂದರೆ, ಆ ಮೂರು ವರ್ಷಗಳಿಗೆ ಏನು ಅರ್ಥ? ಅವನು ಬೇಡ ಎನ್ನುವುದರಲ್ಲಿ ಸೋಮಾರಿತನಕ್ಕಿಂತ ವಿವೇಕವೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ನಿಜವಾದ ಪ್ರಶ್ನೆ ಬೇರೆ. ಇಷ್ಟು ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಉದ್ಯಮದಲ್ಲಿ ಓದಿದವರಿಗೆ ತಕ್ಕ ಕೆಲಸಗಳು ಎಲ್ಲಿವೆ? ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ. ಕಾಫಿ ಮಂಡಳಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ, ಆದರೆ ಅದು ವಿಜ್ಞಾನ ಓದಿದವರಿಗೆ. ರುಚಿ ನೋಡಿ ದರ್ಜೆ ಹೇಳುವವರು, ಹುರಿಯುವವರು, ರಫ್ತು ನೋಡಿಕೊಳ್ಳುವವರು ಹೆಚ್ಚಾಗಿ ಬೆಂಗಳೂರಿನಲ್ಲೇ ಕೂರುತ್ತಾರೆ. ಚಿಕ್ಕಮಗಳೂರಿನ ತೋಟದ ಮನೆತನದಿಂದ ಬಂದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದು ಕೂಡ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಗಿಡ ಇಲ್ಲಿ, ಕಾಫಿ ಕಪ್ ಅಲ್ಲಿ. ನಡುವಿನ ಸಂಬಳಗಳೆಲ್ಲ ಘಟ್ಟದ ಊರುಗಳನ್ನು ದಾಟಿ ಹೋಗುತ್ತವೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತ ಮೇಲೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಅಷ್ಟು ದೊಡ್ಡ ಸಂಬಳದ ಉದ್ಯಮವೂ ಮತ್ತೆ ಬರಲಿಲ್ಲ. ಕಾಡಿಗೆ ಅದು ಒಳ್ಳೆಯದೇ ಆಯಿತು. ಅಲ್ಲಿ ದುಡಿಯುತ್ತಿದ್ದ ಮನೆಗಳಿಗೆ ಬದಲಿ ದಾರಿ ತೋರಿಸುವ ಕೆಲಸ ಮಾತ್ರ ಆಗಲಿಲ್ಲ.

ಇನ್ನೊಂದು ಕಡೆ ನೋಡಿ. 2024-25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಬೆಳೆಗಾರರಿಗೆ ಅದು ಸಲ್ಲಬೇಕಾದದ್ದೇ, ಎಷ್ಟೋ ವರ್ಷ ಸಾಲದಲ್ಲಿ ಕಳೆದವರು ಅವರು. ಆದರೆ ಆ ದುಡ್ಡು ಭೂಮಿ ಇದ್ದವರ ಮನೆಗೆ ಬಂತು. ಆ ಮನೆಯ ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಸಿಎ ಪರೀಕ್ಷೆಗೆ ಓದಬಹುದು. ಅದೇ ತೋಟದ ಲೈನಿನಲ್ಲಿ ಇರುವವರ ಮಗಳೂ ಅದೇ ಬಿ.ಕಾಂ. ಮುಗಿಸಿರುತ್ತಾಳೆ, ಬೆಲೆ ಏರಿದ್ದು ಅವಳ ಮನೆಯನ್ನು ಅಷ್ಟಾಗಿ ತಟ್ಟಿರುವುದಿಲ್ಲ. ಒಂದೇ ಕಾಲೇಜು, ಒಂದೇ ಬೆಂಚು. ಡಿಗ್ರಿ ಇಬ್ಬರನ್ನೂ ಹತ್ತಿರ ತಂದಿತ್ತು, ಡಿಗ್ರಿಯ ನಂತರದ ಎರಡು ವರ್ಷ ಮತ್ತೆ ದೂರ ಮಾಡಿತು.

ಹಾಸನದ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ. ನಮಗೆಲ್ಲ ಅದು ಹೆಮ್ಮೆ, ಅದರ ನೇಮಕಾತಿ ಮಾತ್ರ ಇಡೀ ದೇಶದ ಮಟ್ಟದ್ದು. ಹಾಸನದ ಜವಳಿ ಕಾರ್ಖಾನೆಗಳು ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿವೆ, ಆದರೆ ಹೊಲಿಗೆ ಯಂತ್ರದ ಮುಂದೆ ಡಿಗ್ರಿಗೂ ಪಿಯುಸಿಗೂ ಸಂಬಳದಲ್ಲಿ ವ್ಯತ್ಯಾಸವಿಲ್ಲ.

ಪರೀಕ್ಷೆಯ ಮುಂದೂಡಿಕೆಗೆ ಬೆಲೆ ಕಟ್ಟುವವರು

ಖಾಸಗಿ ಕೆಲಸ ಹೀಗಿರುವಾಗ ಸರ್ಕಾರಿ ಪರೀಕ್ಷೆಯೇ ಗತಿ. ಅದಕ್ಕೆ ಓದುವವರು ಧಾರವಾಡಕ್ಕೆ ಅಥವಾ ಬೆಂಗಳೂರಿನ ವಿಜಯನಗರಕ್ಕೆ ಹೋಗುತ್ತಾರೆ. ಕೋಣೆ ಬಾಡಿಗೆ, ಮೆಸ್, ಕೋಚಿಂಗ್ ಫೀಸು, ಓದುವ ಕೊಠಡಿಯ ತಿಂಗಳ ಬಾಡಿಗೆ. ಈ ಕಾಯುವಿಕೆಯನ್ನು ಸರ್ಕಾರವೇ ಹೇಗೆ ಉದ್ದ ಮಾಡುತ್ತದೆ ಎಂಬುದಕ್ಕೆ 545 ಪಿಎಸ್‌ಐ ಹುದ್ದೆಗಳ ಕಥೆ ಸಾಕು. ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಇಪ್ಪತ್ತೇಳು ತಿಂಗಳು. ಕಷ್ಟಪಟ್ಟು ಪ್ರಾಮಾಣಿಕವಾಗಿ ಬರೆದಿದ್ದ ಹುಡುಗ ಎರಡನೆಯ ಸಲ ಕೂರುವ ಹೊತ್ತಿಗೆ ಅವನಿಗೆ ಎರಡು ವರ್ಷ ವಯಸ್ಸು ಹೆಚ್ಚಾಗಿತ್ತು, ಮನೆಯ ಸಾಲವೂ ಹೆಚ್ಚಾಗಿತ್ತು. ಮತ್ತೆ 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆಸಿದಾಗ ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ತಪ್ಪುಗಳಿಂದ ತುಂಬಿತ್ತು. ಕನ್ನಡದಲ್ಲಿ ಓದಿ ಬಂದ ಮಕ್ಕಳೇ ಪ್ರಶ್ನೆ ಅರ್ಥವಾಗದೆ ಹೊರಬಂದರು. ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ.

2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲ ಎಂದು ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ಮೂರು ದಶಕಗಳ ನ್ಯಾಯವಾದ ಬೇಡಿಕೆ, ಅದು ಆಗಲೇಬೇಕಿತ್ತು. ಸಂಪುಟ ಅದಕ್ಕೆ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಸರ್ಕಾರ ವಯೋಮಿತಿ ಸಡಿಲಿಸಿತು, ಸರಿ. ಆದರೆ ವಯಸ್ಸನ್ನು ಆದೇಶದಿಂದ ಸಡಿಲಿಸಬಹುದು, ಕೋಣೆ ಬಾಡಿಗೆಯನ್ನು ಸಡಿಲಿಸಲಾಗದು. ಆ ತಿಂಗಳುಗಳಲ್ಲಿ ಧಾರವಾಡ ಬಿಟ್ಟು ಊರಿಗೆ ಬಂದವರಲ್ಲಿ ಯಾರು ಹೆಚ್ಚಿದ್ದರು ಎಂದು ನೀವೇ ಊಹಿಸಬಹುದು. ಯಾರಿಗಾಗಿ ಒಳಮೀಸಲಾತಿಯೋ ಆ ಮನೆಗಳ ಮಕ್ಕಳೇ ಮೊದಲು ಕೋಣೆ ಖಾಲಿ ಮಾಡಿದವರು.

ಊರಿಗೆ ಬಂದವರು ಏನು ಮಾಡುತ್ತಾರೆ? ನಮ್ಮ ಹೋಬಳಿಯಲ್ಲಿ ಕಾಣುವ ಮೊದಲ ಕೆಲಸ ಮೈಕ್ರೋ ಫೈನಾನ್ಸ್ ಕಂಪನಿಗಳ ಕಲೆಕ್ಷನ್. ಸ್ವಂತ ಬೈಕು ಬೇಕು, ಸ್ಮಾರ್ಟ್‌ಫೋನ್ ಬೇಕು, ಡಿಗ್ರಿ ಇದ್ದರೆ ಒಳ್ಳೆಯದು. ಬೆಳಗ್ಗೆ ಏಳಕ್ಕೆ ಹಳ್ಳಿಗೆ ಹೋಗಿ ಹೆಂಗಸರ ಗುಂಪು ಕೂರಿಸಿ ವಾರದ ಕಂತು ವಸೂಲಿ. ಕಟ್ಟಲಾಗದವರ ಬಾಗಿಲಲ್ಲಿ ಸಂಜೆ ತನಕ ನಿಲ್ಲುವುದು. ಅರ್ಥಶಾಸ್ತ್ರ ಓದಿದ ಒಬ್ಬ ಹುಡುಗ ನನಗೆ ಹೇಳಿದ: "ಅಣ್ಣ, ನಮ್ಮಮ್ಮನೂ ಇಂಥದೇ ಸಂಘದಲ್ಲಿ ಸಾಲ ತಗೊಂಡೇ ನನ್ನ ಫೀಸ್ ಕಟ್ಟಿದ್ದು. ಈಗ ನಮ್ಮಮ್ಮನಂಥೋರ ಮನೆ ಮುಂದೆನೇ ನಿಂತ್ಕೋಬೇಕು." ಎರಡು ಮೂರು ವರ್ಷ ಈ ಕೆಲಸ ಮಾಡಿದವನು ಬೇರೆ ಸಂದರ್ಶನಕ್ಕೆ ಹೋದರೆ ಇದುವರೆಗೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ವಸೂಲಿ ಎಂದರೆ ವಸೂಲಿಯ ಕೆಲಸವೇ ಮತ್ತೆ ಸಿಗುತ್ತದೆ. ಮೊದಲ ಕೆಲಸ ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಕಾಯಲು ಇನ್ನೊಂದು ದಾರಿಯನ್ನೂ ಮಕ್ಕಳು ಕಂಡುಕೊಂಡಿದ್ದಾರೆ: ಎಂ.ಎ. ಸೇರುವುದು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಎಂ.ಎ. ಸೇರುವವರಲ್ಲಿ ಹಲವರಿಗೆ ವಿಷಯಕ್ಕಿಂತ ಹಾಸ್ಟೆಲ್ ಸೀಟು ಮುಖ್ಯ. ಇನ್ನೆರಡು ವರ್ಷ ಅನ್ನ, ಓದಲು ಜಾಗ, ವಿದ್ಯಾರ್ಥಿ ಎಂಬ ಹೆಸರು ಸಿಗುತ್ತದೆ. ಅವರನ್ನು ದೂರುವಂತಿಲ್ಲ. 2025ರ ಫೆಬ್ರುವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದೊಳಗಿಂದಲೇ ಬಂದಾಗ ಹಣದ ಕೊರತೆ, ಸಿಬ್ಬಂದಿ ಕೊರತೆ ಬಗ್ಗೆ ಚರ್ಚೆಯಾಯಿತು. ಆ ಕಟ್ಟಡಗಳು ಬಡ ಮಕ್ಕಳಿಗೆ ತಂಗುದಾಣವೂ ಆಗಿವೆ ಎಂಬುದನ್ನು ಯಾರೂ ಎತ್ತಲಿಲ್ಲ. ಅವರಿಗೆ ಪಾಠ ಹೇಳುವವರ ಸ್ಥಿತಿಯೂ ಅಷ್ಟೇ: ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ, ಕಾಯಂ ಆಗುವ ದಿನಕ್ಕೆ ಹತ್ತು ಹದಿನೈದು ವರ್ಷಗಳಿಂದ ಕಾಯುತ್ತಿರುವವರು.

ಹೆಣ್ಣುಮಕ್ಕಳ ಗಡಿಯಾರ

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸುಗಳಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನು ನೋಡುವುದೇ ಒಂದು ಸಂತೋಷ. ಬಸ್ ಚಾರ್ಜಿಗೆಂದು ಅಪ್ಪನ ಮುಂದೆ ಕೈಚಾಚಬೇಕಿಲ್ಲ. ಆದರೆ ಅವರು ಕಾಯುವ ಕಾಲವನ್ನು ಅಳೆಯುವುದು ಮನೆಯ ಹಣ ಮಾತ್ರವಲ್ಲ. ಗಂಡುಮಗ ಮೂರು ವರ್ಷ ಕೂತರೆ "ಓದ್ತಾ ಇದಾನೆ" ಎನ್ನುವ ಮನೆಯೇ ಮಗಳು ಆರು ತಿಂಗಳು ಕೂತರೆ ಜಾತಕ ಹೊರಗೆ ತೆಗೆಯುತ್ತದೆ. ಕಾರ್ಮಿಕ ಸಂಘಟನೆಯ ವರದಿಯ ಆ 2022ರ ಲೆಕ್ಕದಲ್ಲೇ ಪದವೀಧರ ಯುವಕರ ನಿರುದ್ಯೋಗ ಶೇ. 26.4 ಇದ್ದರೆ ಯುವತಿಯರದು ಶೇ. 34.5. ಮದುವೆಯಾಗಿ ಕೆಲಸ ಹುಡುಕುವುದನ್ನೇ ಬಿಟ್ಟವರು ಈ ಲೆಕ್ಕಕ್ಕೂ ಬರುವುದಿಲ್ಲ. ಕಾಲೇಜಿನ ತನಕ ಉಚಿತವಾಗಿ ಬಂದ ಹುಡುಗಿ ಕಾಲೇಜಿನಿಂದಾಚೆ ಹೋಗಲು ಬೆಂಗಳೂರಿನಲ್ಲಿ ಸುರಕ್ಷಿತ ಕೋಣೆ ಬೇಕು, ಅದಕ್ಕೆ ಅಪ್ಪ ಒಪ್ಪಬೇಕು, ಒಪ್ಪಿದರೆ ತಿಂಗಳಿಗೆ ಏಳೆಂಟು ಸಾವಿರ ಬೇಕು.

ಯುವನಿಧಿ ಎಲ್ಲಿ ಸೋಲುತ್ತದೆ

ಕಾಯುವಿಕೆಗೆ ಸರ್ಕಾರವೇ ಹಣ ಕೊಡಬೇಕು ಎಂಬ ತತ್ವವನ್ನು ಕರ್ನಾಟಕ ಒಪ್ಪಿಕೊಂಡಿದೆ, ಇದು ಸಣ್ಣ ಸಂಗತಿಯಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1500, ಎರಡು ವರ್ಷದ ತನಕ. ನಾನು ಈ ಯೋಜನೆಯ ಪರ. ಆದರೆ ಅದರ ನಿಯಮಗಳು ಬಡ ಪದವೀಧರನ ದಿನಚರಿ ನೋಡಿ ಮಾಡಿದಂಥವಲ್ಲ. ಫಲಿತಾಂಶ ಬಂದು 180 ದಿನ ಕಳೆದ ಮೇಲೆ ಅರ್ಹತೆ. ಹಾಸ್ಟೆಲ್ ಬಿಟ್ಟು ಬಂದ ಆ ಮೊದಲ ಆರು ತಿಂಗಳಲ್ಲೇ ಅವನು ಕಲೆಕ್ಷನ್ ಕೆಲಸಕ್ಕೆ ಸೇರಿಬಿಟ್ಟಿರುತ್ತಾನೆ. ಸೇರಿದ ಮೇಲೆ ಅವನು ನಿರುದ್ಯೋಗಿಯಲ್ಲ, ಹಣವಿಲ್ಲ. ಆರು ತಿಂಗಳು ಹೇಗೋ ಕೂತು ದಾಟಬಲ್ಲವನಿಗೆ ನೆರವು ಸಿಗುತ್ತದೆ.

ಇದನ್ನು ತಿದ್ದುವುದು ಕಷ್ಟವೇನಲ್ಲ. ಹಣ ಮೊದಲ ತಿಂಗಳಿಂದ ಬರಲಿ, ಅರ್ಧ ದಿನದ ಸಣ್ಣ ಕೆಲಸ ಮಾಡಿದರೂ ನಿಲ್ಲದಿರಲಿ. ಅದಕ್ಕಿಂತ ಮುಖ್ಯವಾದದ್ದು ಹಾಸ್ಟೆಲ್. ಪದವಿ ಮುಗಿದ ಮಕ್ಕಳಿಗೆ ಇನ್ನೊಂದು ವರ್ಷ ಇರಲು ಜಿಲ್ಲಾ ಕೇಂದ್ರದಲ್ಲಿ ಒಂದು ಹಾಸ್ಟೆಲ್, ರಾತ್ರಿ ಹತ್ತರ ತನಕ ತೆರೆದಿರುವ ಗ್ರಂಥಾಲಯ, ಸರಿಯಾಗಿ ಇಂಗ್ಲಿಷ್ ಮತ್ತು ಕಂಪ್ಯೂಟರ್ ಕಲಿಸುವ ಇಬ್ಬರು ಶಿಕ್ಷಕರು. ಧಾರವಾಡಕ್ಕೂ ವಿಜಯನಗರಕ್ಕೂ ಹೋಗಲಾಗದವರು ಹಾಸನದಲ್ಲೇ ಉಳಿಯುತ್ತಾರೆ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಹಾಲು ಒಕ್ಕೂಟ, ಸಹಕಾರ ಬ್ಯಾಂಕುಗಳಲ್ಲಿ ಬಿ.ಎ., ಬಿ.ಕಾಂ. ಓದಿದವರಿಗೆ ಸಂಬಳ ಸಹಿತ ಒಂದು ವರ್ಷದ ಅಪ್ರೆಂಟಿಸ್ ಅವಕಾಶ ಕೊಡಿಸಲು ಜಿಲ್ಲಾಡಳಿತ ಮನಸ್ಸು ಮಾಡಿದರೆ ಆದೀತು. ಕೇಂದ್ರದ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ತಿಂಗಳಿಗೆ 5000 ರೂಪಾಯಿಯೊಂದಿಗೆ ಶುರುವಾಯಿತು, ಆದರೆ ಅದು ದೇಶದ 500 ದೊಡ್ಡ ಕಂಪನಿಗಳನ್ನು ನೆಚ್ಚಿಕೊಂಡದ್ದು. ಅರಕಲಗೂಡಿಗೆ ಅವು ಬರುವುದಿಲ್ಲ. ನೇಮಕಾತಿ ಪರೀಕ್ಷೆಗಳಿಗೆ ಶಾಲಾ ಪರೀಕ್ಷೆಯಂತೆ ತಪ್ಪದ ವೇಳಾಪಟ್ಟಿ ಇರಬೇಕು. ಪರೀಕ್ಷೆ ಇಲಾಖೆಯ ತಪ್ಪಿನಿಂದ ರದ್ದಾದರೆ, ಬರೆದವರಿಗೆ ಆ ತಿಂಗಳುಗಳ ಖರ್ಚನ್ನು ಇಲಾಖೆಯೇ ತುಂಬಿಕೊಡಬೇಕು ಎಂದೂ ನಾನು ಹೇಳುತ್ತೇನೆ. ವಿಚಿತ್ರ ಅನ್ನಿಸಬಹುದು. ಬೆಳೆ ನಷ್ಟಕ್ಕೆ ಪರಿಹಾರ ಕೊಡುತ್ತೇವೆ. ಎರಡು ವರ್ಷದ ಯೌವನದ ನಷ್ಟ ಅದಕ್ಕಿಂತ ಕಡಿಮೆಯದೇ?

ಕಳೆದ ತಿಂಗಳು ಅಕ್ಕ ಫೋನ್ ಮಾಡಿದ್ದಳು. ಅವಳ ಮಗಳು ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಮುಗಿದ ಮೇಲೆ ಪರೀಕ್ಷೆಗಳಿಗೆ ಓದಬೇಕು ಅನ್ನುತ್ತಾಳೆ.

"ಗಂಡಿನ ಕಡೆಯೋರು ಕೇಳ್ತಾ ಅವ್ರೆ ಕಣೋ," ಅಂದಳು ಅಕ್ಕ. "ಇವಳು ನೋಡಿದ್ರೆ ಬೆಂಗಳೂರಿಗೆ ಹೋಗ್ತೀನಿ ಅಂತಾಳೆ. ಎಷ್ಟ್ ದಿನ ಅಂತ ಕಾಯೋದು ಹೇಳು?"

"ಮೂರು ವರ್ಷ ಕಾಯಕ್ಕ," ಎಂದೆ. "ತಿಂಗಳು ತಿಂಗಳು ನಾನು ಕಳಿಸ್ತೀನಿ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಕೋಣೆ ಬಾಡಿಗೆ ಎಷ್ಟಾಗುತ್ತದೆ ಎಂದು ಕೇಳಿದಳು.